ಹೊಸ್ತಿಲಲ್ಲೇ ನಿಂತುಬಿಟ್ಟ ಅತ್ತೆ

ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿಕಾಳನ್ನು ಬಿಚ್ಚಿ, ಮೊಳಕೆ ಬಾರದ ಗಟ್ಟಿ ಕಾಳುಗಳನ್ನು ಆರಿಸುತ್ತಿದ್ದಾಗ ಫೋನು ಬಂತು. ಮಾಡಿದವನು ನಮ್ಮ ಓದಿನ ಗುಂಪಿನ ಕಿರಿಯವಳ ಗಂಡ. ಹಿರಿಯರ ಹಬ್ಬಕ್ಕೆಂದು ಇಬ್ಬರೂ ಪಾಂಡವಪುರದ ಬಾಡಿಗೆ ಮನೆಗೆ ಬೀಗ ಹಾಕಿ ಅವರ ಊರು ಬೂಕನಕೆರೆಗೆ ಹೋಗಿದ್ದರು.

"ಅಕ್ಕ, ಇವ್ಳು ಎಡೆ ಇಕ್ಕಲ್ಲ ಅಂತ ಕುಂತವ್ಳೆ," ಎಂದ. "ನಾಡಿದ್ದು ಅಮಾಸೆ. ಅವ್ವ ಹೋದ್ಮೇಲೆ ಮೊದಲ್ನೆ ಹಬ್ಬ. ನೆಂಟ್ರೆಲ್ಲ ಬತ್ತಾವ್ರೆ. ಇವ್ಳು ನೋಡುದ್ರೆ ತವರಿಗೋಯ್ತೀನಿ ಅಂತ ಬ್ಯಾಗು ಕಟ್ಕಂಡವ್ಳೆ."

"ಯಾಕಪ್ಪ, ಏನಂತೆ?"

"ನಾನ್ ಮಾಡಿದ್ನ ಅತ್ತೆ ಮುಟ್ಟಾಕಿಲ್ಲ, ಬಾಗ್ಲಲ್ಲೇ ನಿಂತ್ಕತಾರೆ ಅಂತಾಳೆ. ನೀವು ಓದಿದ್ ಕಥೇಲಿ ಅಂಗೈತಂತೆ. ಅದೇನ್ ಓದಿದ್ರಕ್ಕ ನೀವು?"

ಓದಿದ್ದು ನಾನೇ. ಬರ್ತೀನಿ ಇರು ಎಂದು ಫೋನಿಟ್ಟೆ.

ನಾವು ನಾಲ್ಕು ಜನ ಹೆಂಗಸರು. ಗುರುವಾರ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೇಡಮ್ಮನ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಮೇಡಮ್ಮ ನಾಗಮಂಗಲದಲ್ಲಿ ಪಾಠ ಹೇಳಿ ನಿವೃತ್ತರಾದವರು. ಶ್ರೀರಂಗಪಟ್ಟಣದ ಅವರ ತವರುಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ರಟ್ಟು ಹರಿದ ಹಳೆಯ ದೆವ್ವದ ಕಥೆಗಳ ಪುಸ್ತಕವೊಂದು ಸಿಕ್ಕಿತ್ತು. ಅವರ ಕಣ್ಣಿಗೆ ಪೊರೆ ಬಂದಿರುವುದರಿಂದ ಓದುವ ಕೆಲಸ ನನ್ನದು. ಶುರುಮಾಡುವ ಮೊದಲು ಚೆಲುವನಾರಾಯಣನಿಗೆ ಒಂದು ದೀಪ ಹಚ್ಚುತ್ತೇನೆ. ದೇವರ ಮುಂದೆ ಕೂತು ದೆವ್ವದ ಕಥೆ ಓದುತ್ತೀಯಲ್ಲ ಎಂದು ನಮ್ಮ ಯಜಮಾನರು ನಗುತ್ತಾರೆ. ಆ ದೇವರಿಗೆ ತಿಳಿಯದ ದೆವ್ವ ಯಾವುದಿದೆ?

ನಮ್ಮಲ್ಲಿ ಯಾರೂ ಹೆದರುವವರಲ್ಲ ಎಂದುಕೊಂಡಿದ್ದೆ. ಹುಣಿಸೆಮರದ ದೆವ್ವದ ಕಥೆ ಓದಿದ ದಿನ ಟೈಲರ್ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾ ದೆವ್ವಾನೂ ಬಿಳಿ ಸೀರೆ ಉಡ್ತವಲ್ಲ, ಒಗದ್ಕೊಡೋರ್ಯಾರು? ನೀಲಿ ಹಾಕ್ದಿದ್ರೆ ಮೂರ್ ತಿಂಗ್ಳಿಗೆ ಅಳದಿ ಬಂದ್ಬುಡ್ತದೆ."

"ಮರದ ಮೇಲೆ ಕೂತ್ರೆ ಹುಣಿಸೆ ಕಲೆ ಬೇರೆ," ಎಂದರು ಮೇಡಮ್ಮ.

ಆಮೇಲೆ ಕಥೆಯ ಗುಣದೋಷ ಮಾತಾಡುತ್ತೇವೆ. ದೆವ್ವ ಯಾಕೆ ಬಂತು, ಬರಲು ಅದಕ್ಕೆ ಹಕ್ಕಿತ್ತೇ, ಮನೆಯವರದೇನು ತಪ್ಪು ಎಂದೆಲ್ಲ. ಒಂದೇ ಕಟ್ಟಳೆ: ಮುಂದಿನ ಪುಟವನ್ನು ಯಾರೂ ಮೊದಲೇ ಓದಿಕೊಳ್ಳಬಾರದು. ನಾಲ್ಕೂವರೆಗೆ ನಾನು ಹಸುವಿನ ಹಾಲು ಕರೆದು ಡೈರಿಗೆ ಹಾಕಬೇಕು. ಕಥೆ ಎಲ್ಲಿದ್ದರೂ ಅಲ್ಲಿಗೆ ನಿಲ್ಲಿಸಿ, ದಾರ ಇಟ್ಟು, ಪುಸ್ತಕವನ್ನು ಮೇಡಮ್ಮನ ಬೀರುವಿಗೆ ಸೇರಿಸುತ್ತೇವೆ.

ಆ ಗುರುವಾರ ಓದಿದ್ದು ಒಬ್ಬ ಅತ್ತೆಯ ಕಥೆ. ಕಾಯಿಲೆ ಬಿದ್ದ ಅತ್ತೆ ಸೊಸೆಯನ್ನು ಮಜ್ಜಿಗೆ ಅನ್ನ ಕೇಳುತ್ತಾಳೆ. ನಾಳೆ ಕೊಡುತ್ತೇನೆ ಎನ್ನುತ್ತಾಳೆ ಸೊಸೆ. ಬೆಳಗಾಗುವಷ್ಟರಲ್ಲಿ ಅತ್ತೆ ಸತ್ತಿರುತ್ತಾಳೆ. ಹನ್ನೊಂದನೆಯ ದಿನ ಸೊಸೆ ಒಲೆಯ ಮುಂದಿನಿಂದ ತಲೆಯೆತ್ತಿ ನೋಡಿದರೆ, ತಟ್ಟೆ ಹಿಡಿದುಕೊಂಡು ಅತ್ತೆ ಅಡುಗೆಮನೆ ಹೊಸ್ತಿಲಲ್ಲಿ ನಿಂತಿದ್ದಾಳೆ. ಅಷ್ಟರಲ್ಲಿ ನಾಲ್ಕೂವರೆ ಆಯಿತು. ಮುಂದಿನ ವಾರಕ್ಕೆ ಪಿತೃಪಕ್ಷ ಹುಟ್ಟಿತ್ತು. ಹಿರಿಯರು ಮನೆಗೆ ಬಂದು ಹೋಗುವ ದಿನಗಳಲ್ಲಿ ಸತ್ತವರ ಕಥೆ ಓದಿ ನಗಬಾರದು, ಅಮಾವಾಸ್ಯೆ ಕಳೆಯಲಿ ಎಂದವಳೂ ನಾನೇ. ಭಕ್ತಿಯಿಂದ ಹೇಳಿದ್ದೆ. ಹಾಗಾಗಿ ಆ ಅತ್ತೆ ಹದಿನೈದು ದಿನ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಳು.

ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಮೇಡಮ್ಮನ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಬೀರುವಿನ ಬೀಗ ತೆಗೆದು ಪುಸ್ತಕ ಕೊಟ್ಟರು. ಬೂಕನಕೆರೆಗೆ ಹೋಗುವ ಕೆ.ಆರ್. ಪೇಟೆ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಅದನ್ನೂ ದೇವರ ಲೆಕ್ಕಕ್ಕೇ ಬರೆದುಕೊಂಡೆ. ಕಟ್ಟಳೆ ಮುರಿದು ಮುಂದಿನ ಪುಟ ತಿರುಗಿಸಿದೆ.

ಕಥೆಯ ಕೊನೆ ಕೆಟ್ಟದಾಗಿತ್ತು. ಸೊಸೆ ಅನ್ನ ಬಡಿಸಿದರೆ ಅತ್ತೆ ತಟ್ಟೆಯನ್ನು ಎಸೆಯುತ್ತಾಳೆ. ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಾವಿಗೆ ಇಳಿಯುತ್ತಾಳೆ. ಇದನ್ನು ಅವಳಿಗೆ ಹೇಗೆ ಓದಲಿ? ಅತ್ತೆ ಉಂಡಳು, ಹರಸಿದಳು, ಹೋದಳು ಎಂದು ನಾನೇ ಹೊಂದಿಸಿ ಹೇಳಿಬಿಡೋಣ ಎನಿಸಿತು. ಒಂದು ಸುಳ್ಳು ಕ್ಷಮಿಸಪ್ಪ ಎಂದು ಬಸ್ಸಿನಲ್ಲೇ ಕೈ ಮುಗಿದೆ.

ಬೂಕನಕೆರೆಯ ಮನೆಯಲ್ಲಿ ಅವಳು ಹಿತ್ತಿಲ ಜಗುಲಿಯ ಮೇಲೆ ಕೂತಿದ್ದಳು. ನಿದ್ದೆಗೆಟ್ಟು ಮುಖ ಇಳಿದಿತ್ತು. ಕಾಫಿ ಕೊಟ್ಟಳು. ತಾನು ಕುಡಿಯಲಿಲ್ಲ.

"ನಮ್ಮತ್ತೆಗೆ ಸಕ್ರೆ ಕಾಯ್ಲೆ ಅಂತ ನಿಮಗೆ ಗೊತ್ತಲ್ಲಕ್ಕ," ಎಂದಳು. "ಹೋಗೋ ಹಿಂದಿನ್ ದಿನ ಒಂಚೂರು ಬೆಲ್ಲ ಕೊಡು ಅಂದ್ರು. ಡಾಕ್ಟ್ರು ಬ್ಯಾಡ ಅಂದವ್ರೆ ಅಂದೆ. ಬೆಳಿಗ್ಗೆ ನೋಡಿದ್ರೆ ಇಲ್ಲ. ಯಾರ್‌ಗೂ ಹೇಳ್ನಿಲ್ಲ ನಾನು. ನೀವು ಓದ್ತಾ ಇದ್ರೆ ನನ್ನೇ ನೋಡಿ ಬರ್ದಂಗಿತ್ತು."

"ಆವತ್ತೇ ಯಾಕೆ ಹೇಳಲಿಲ್ಲ?"

"ನಿಮಗೆ ಹಾಲು ಕರ್ಯೋ ಹೊತ್ತಾಗಿತ್ತು."

ಪುಸ್ತಕ ತೆಗೆದೆ. ಅವಳು ಒತ್ತಿಕೊಂಡು ಪಕ್ಕಕ್ಕೆ ಬಂದು ಕೂತು ಪುಟದ ಮೇಲೆ ಕಣ್ಣಿಟ್ಟಳು. ಸುಳ್ಳು ಹೇಳುವ ದಾರಿ ಅಲ್ಲಿಗೆ ಮುಚ್ಚಿತು. ಇದ್ದದ್ದನ್ನು ಇದ್ದಂತೆ ಓದಿದೆ. ತಟ್ಟೆ ಎಸೆದದ್ದು, ತೊಟ್ಟಿಲು, ಬಾವಿ, ಎಲ್ಲವನ್ನೂ. ಓದಿ ಮುಗಿಸಿ ಪುಸ್ತಕ ಮುಚ್ಚಿದೆ.

"ಮಗೀನ ಎತ್ಕಂಡೋದ್ಲಾ?" ಎಂದಳು.

"ಹಾಗೆ ಬರೆದವ್ರೆ."

"ಥೂ, ಇವ್ಳ್ಯಾವ ಅತ್ತೆ ಬುಡಿ ಅಕ್ಕ." ಅವಳಿಗೆ ಸಿಟ್ಟೇ ಬಂದಿತ್ತು. "ನಮ್ಮತ್ತೆ ನನ್ ಮಗ ಅತ್ರೆ ಉಣ್ಣೋ ತಟ್ಟೆ ಬುಟ್ಟು ಎದ್ದೋಡೋರು. ಬಾಯಿ ಜೋರು, ಇಲ್ಲ ಅನ್ನಾಕಿಲ್ಲ. ಆವತ್ತು ಬೆಲ್ಲ ಕೊಡ್ನಿಲ್ಲ ಅಂತ, 'ನಮ್ಮಪ್ಪ ನಿನ್ನಂಥೋಳ್ನ ಕಂಡಿದ್ರೆ ಬೆಲ್ಲದ್ ಅಂಗ್ಡಿ ಕಾಯಾಕೆ ಇಡ್ತಿದ್ದ' ಅಂದ್ರು. ಆಮೇಲೆ ಅವ್ರೇ ಕೂಗಿ, 'ಲೇ, ನೀನು ಉಂಡ್ಯೇನೇ' ಅಂದ್ರು." ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಉಂಡ್ಯಾ ಅಂದ್ರು ಕಣಕ್ಕ. ಅದು ಮರ್ತೇ ಹೋಗಿತ್ತು ನಂಗೆ."

ಅತ್ತು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕೊಡ್ಬೋದಿತ್ತು ಅಲ್ವಾ, ಒಂಚೂರು," ಎಂದಳು.

"ಕೊಡಬಹುದಿತ್ತು," ಎಂದೆ. ಇಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. "ಡಾಕ್ಟರು ಹೇಳಿದ್ದನ್ನು ಕೇಳಿದ್ದೂ ತಪ್ಪಲ್ಲ. ಎಡೆಗೆ ಏನು ಮಾಡ್ತೀಯ?"

"ಮುದ್ದೆ, ಕೋಳಿ ಸಾರು. ಎಲೆ ಅಡಿಕೆ, ಕಡ್ಡಿಪುಡಿ. ಕಡ್ಡಿಪುಡಿ ಇಲ್ದೆ ಹೋದ್ರೆ ನಿಜ್ವಾಗ್ಲೂ ಬಂದು ಬಯ್ತಾರೆ." ಕಾಫಿ ಲೋಟ ಎತ್ತಿಕೊಂಡು ಹೇಳಿದಳು: "ಪಾಯ್ಸ. ಬೆಲ್ಲ ಜಾಸ್ತಿ ಹಾಕ್ಬುಟ್ಟು. ಈಗೇನು ಡಾಕ್ಟ್ರ ಕಾಟ ಇಲ್ವಲ್ಲ."

ಒಳಗೆ ಕಟ್ಟಿಟ್ಟಿದ್ದ ಬ್ಯಾಗನ್ನು ಅವಳ ಗಂಡ ಮೆಲ್ಲಗೆ ಮಂಚದ ಕೆಳಗೆ ತಳ್ಳಿದ್ದನ್ನು ಕಂಡೂ ಕಾಣದವಳಂತೆ ಎದ್ದು ಬಂದೆ.

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲೂ ಎಡೆ. ಹಿರಿಯರ ಮುಂದೆ ಎಲೆ ಹಾಕಿ, ಎಲ್ಲವನ್ನೂ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಮನೆಮಂದಿಯೆಲ್ಲ ಹೊರಗೆ ನಿಲ್ಲುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಬಿಟ್ಟು, ಮೂರು ಸಲ ಬಾಗಿಲು ತಟ್ಟಿ ತೆಗೆಯುವುದು ರೂಢಿ. ಹಾಗೆ ನಿಂತಿದ್ದಾಗ ನನ್ನ ಅತ್ತೆ ಮಾವನ ಜೊತೆಗೆ ಬೂಕನಕೆರೆಯ ಅವಳ ಅತ್ತೆಯೂ ನೆನಪಾದರು. ಅವರನ್ನು ನಾನು ಕಂಡದ್ದು ಎರಡೇ ಸಲ.

ಸಂಜೆ ನಾನು ಕಜ್ಜಾಯ ಕರಿದು ಮುಗಿಸುವಾಗ ಅವಳದೇ ಫೋನು.

"ಇಕ್ದೆ ಅಕ್ಕ. ಬಾಗ್ಲು ತೆಗ್ಯಾಕೆ ನಮ್ ಯಜಮಾನ್ರು ಹೋದ್ರು, ಇರಿ ಅಂದ್ಬುಟ್ಟು ನಾನೇ ತೆಗ್ದೆ."

"ಹೆದರಿಕೆ ಆಗಲಿಲ್ವಾ?"

"ಆಯ್ತು. ತೆಗ್ದು ನೋಡುದ್ರೆ ಏನಿಲ್ಲ. ಪಾಯ್ಸದ್ ಎಲೆಗೆ ನಾಕು ಇರುವೆ ಬಂದಿದ್ವು. ನಮ್ಮ ನಾದ್ನಿ ಅವ್ವ ಬಂದೋದ್ರು ಅಂತ ಅತ್ರು. ನಾನು ಆ ಪಾಯ್ಸ ಉಂಡೆ ಅಕ್ಕ. ಇರುವೆ ತೆಗ್ದು."

"ಸಿಹಿ ಸರಿಯಾಗಿತ್ತಾ?"

"ಜಾಸ್ತಿನೇ ಆಗಿತ್ತು."

ಗುರುವಾರ ಬರುತ್ತೀಯಾ ಎಂದು ಕೇಳಿದೆ. ಬರುತ್ತೇನೆ, ಆದರೆ ಕಥೆ ಮುಗಿಯುವವರೆಗೂ ಏಳಬಾರದು ಎಂದಳು. ಗುರುವಾರಗಳಂದು ಹಾಲು ಕರೆಯಲು ಪಕ್ಕದ ಮನೆಯವರು ಒಪ್ಪಿದ್ದಾರೆ ಎಂದೆ. ಅದೂ ದೇವರ ದಯೆಯೇ. ಫೋನಿಟ್ಟು, ಬಾಣಲೆಯ ಎಣ್ಣೆ ಆರಿದೆಯೇ ಎಂದು ನೋಡಿ, ಬಟ್ಟೆಯಲ್ಲಿ ಸೋಸಿ ಡಬ್ಬಕ್ಕೆ ಹುಯ್ಯತೊಡಗಿದೆ.