ಬಾಲ ಗೊತ್ತಿಲ್ಲದ ಬಾಟಲಿ

ನಮಗೆ ಕೆಮಿಸ್ಟ್ರಿ ಕಲಿಸಿದ ಸರ್ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿಲ್ಲ. ವಿನೆಗರ್, ಸ್ಯಾನಿಟೈಸರ್, ಉಗುರುಬಣ್ಣ ಅಳಿಸುವ ದ್ರವ, ಎಲ್ಲವನ್ನೂ ಬೆಂಚಿನಿಂದ ಬೆಂಚಿಗೆ ಒಯ್ದು ಮೂಸಲು ಕೊಡುತ್ತಿದ್ದರು. ಅಣುವಿಗೆ ಅಂಟಿಕೊಂಡು ಅದಕ್ಕೆ ಗುಣ ಕೊಡುವ ಕ್ರಿಯಾ ಗುಂಪಿಗೆ (ಫಂಕ್ಷನಲ್ ಗ್ರೂಪ್) ಅವರಿಟ್ಟ ಹೆಸರು ಬಾಲ.

“ಆಸಿಡ್ಡೋ, ಆಲ್ಕೋಹಾಲೋ? ಬಾಲ ಹೇಳ್ರಿ. ಗೊತ್ತಾಗಲಿಲ್ಲಂದ್ರ ಬಾಯಿಗೆ ಹಚ್ಚಬ್ಯಾಡ್ರಿ,” ಎನ್ನುತ್ತಿದ್ದರು.

ಒಮ್ಮೆ ಸರ್ ಜೊತೆ ಮಸ್ಕಿಯಿಂದ ಲಿಂಗಸುಗೂರಿಗೆ ಹೊರಟಾಗ ಬಸ್ಸಿನಲ್ಲಿ ನನಗೆ ಬಾಯಾರಿತ್ತು. ಪಕ್ಕದಲ್ಲಿದ್ದ ರೈತ ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟ. ಮುಚ್ಚಳ ತೆರೆದೆ. ನೆಗಡಿಯಾಗಿದ್ದ ನನಗೆ ವಾಸನೆ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಸರ್ ಮೂಗರಳಿಸಿ ವಾಸನೆ ಹಿಡಿದು ಬಾಟಲಿ ಕಸಿದುಕೊಂಡರು.

ರೈತ ಬಾಟಲಿ ನೋಡಿ ಬೆವತ. “ಅದಲುಬದಲಾತ್ರಿ. ಇದು ತೊಗರಿ ಹುಳಕ್ಕ ಹೊಡಿಯೋ ಎಣ್ಣಿ, ವಿಷ. ಒಂದು ಡಬ್ಬಿ ತಂದು ಅಣ್ಣತಮ್ಮರು ನೀರಿನ ಬಾಟಲಿಗೆ ಹಾಕಿ ಹಂಚಿಕೊಂಡಿದ್ವಿ.”

ಲಿಂಗಸುಗೂರಿನವರೆಗೂ ಸರ್ ಅದನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತೇ ಇದ್ದರು.

ಇಳಿದ ಮೇಲೆ ಕೇಳಿದೆ. “ಬಾಲ ಯಾವುದಿತ್ರಿ ಸರ್?”

“ಗೊತ್ತಾಗಲಿಲ್ಲಪಾ,” ಎಂದರು. “ಅದಕ್ಕ ಕಸಗೊಂಡೆ.”