ಬಂಡೆಪ್ಪನ ನಾಲಿಗೆ ಕೈಕೊಟ್ಟ ಮದುವೆ

ಬೆಳಗಾವಿಯ ರಾಮತೀರ್ಥ ನಗರದಿಂದ ಖಾನಾಪುರದವರೆಗೆ ಮದುವೆ ಗೊತ್ತಾದ ಮನೆಯವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದದ್ದು ಅಡುಗೆಯ ಬಂಡೆಪ್ಪನನ್ನು. ಅವನು ಕುದಿಯುವ ಸಾರನ್ನು ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ತಲೆಯಾಡಿಸಿದನೆಂದರೆ ಮುಗಿಯಿತು, ಎಲೆಯ ಮುಂದೆ ಕೂತವರಾರೂ ಉಪ್ಪು ಕೇಳುತ್ತಿರಲಿಲ್ಲ. ಆ ಬಗ್ಗೆ ಅವನಿಗೆ ಜಂಬವೂ ಸಾಕಷ್ಟಿತ್ತು.

ಇಸವಿ ಎರಡು ಸಾವಿರ ಬಂತು, ಬಂಡೆಪ್ಪನಿಗೆ ಬಿ.ಪಿ.ಯೂ ಬಂತು. "ಮೊದಲ ಉಪ್ಪು ಕಡಿಮಿ ಮಾಡ್ರಿ, ತಂಬಾಕು ಬಿಡ್ರಿ, ದಿನಾ ಮುಂಜಾನೆ ಅಡ್ಡಾಡ್ರಿ. ಇಳೀಲಿಲ್ಲಂದ್ರ ಗುಳಿಗಿ ಚಾಲೂ ಮಾಡೂಣು" ಎಂದರು ಡಾಕ್ಟರು. ಹೆಂಡತಿ ಸಿದ್ದಕ್ಕ ಅಂದೇ ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು. ಬಂಡೆಪ್ಪ ಗೊಣಗುತ್ತ ಗೊಣಗುತ್ತಲೇ ಎಲ್ಲ ಪಾಲಿಸಿದ. ಆದರೆ ಒಂದು ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಸಿದ್ದಕ್ಕ ಊಟ ಮಾಡುತ್ತಿದ್ದದ್ದು ಗಂಡ ಉಂಡೆದ್ದ ಮೇಲೆಯೇ. ತನಗೆ ಸಪ್ಪೆ ಬಡಿಸಿ, ಆಮೇಲೆ ಒಳಗೆ ಕೂತು ತಾನು ರುಚಿರುಚಿಯಾಗಿ ಉಣ್ಣುತ್ತಾಳೆಂದು ಅವನು ಒಳಗೊಳಗೇ ಉರಿಯುತ್ತಿದ್ದ.

ಕೆಲವು ತಿಂಗಳಲ್ಲಿ ಬಿ.ಪಿ. ಇಳಿಯಿತು, ಡಾಕ್ಟರು ಬೆನ್ನು ತಟ್ಟಿದರು. ಆದರೆ ಗುಂಜಿಯ ಮದುವೆಯಲ್ಲಿ ಮೊದಲ ಪಂಕ್ತಿಯೇ "ಉಪ್ಪ ತರ್ರೀ" ಎಂದು ಕೂಗಿತು. ಬಂಡೆಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸಪ್ಪೆಗೆ ಒಗ್ಗಿದ ನಾಲಿಗೆಗೆ ಈಗ ಚಿಟಿಕೆ ಉಪ್ಪೂ ಜಾಸ್ತಿಯೆನಿಸುತ್ತಿತ್ತು. ಮತ್ತೆ ಉಪ್ಪು ತಿಂದರೆ ಬಿ.ಪಿ. ಏರುತ್ತದೆ, ತಿನ್ನದಿದ್ದರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲಾಗುತ್ತದೆ.

ಹೀಗಾಗಿ ಜಾಂಬೋಟಿಯ ಮುಂದಿನ ಮದುವೆಗೆ ಸಿದ್ದಕ್ಕನನ್ನೇ ಕರೆದೊಯ್ದ. ಅವಳು ಸಾರು ನೆಕ್ಕಿ, "ಬರೋಬರಿ ಐತ್ರಿ" ಎಂದಳು. ಬಂಡೆಪ್ಪ ನಿಶ್ಚಿಂತೆಯಿಂದ ಬಡಿಸಲು ಹೇಳಿದ. ಗಳಿಗೆಯಲ್ಲೇ ಹೊರಗಿನಿಂದ ಮತ್ತೆ ಅದೇ ಕೂಗು.

"ನಿನ್ನ ನಾಲಿಗಿಗೆ ಏನ ಬಡದೈತಿ? ನೀ ಮನ್ಯಾಗ ಉಪ್ಪ ಹಾಕ್ಕೊಂಡ ಉಣ್ಣಾಕಿ ಅಲ್ಲೇನು?" ಎಂದು ಅವನು ಸಿಡುಕಿದ.

"ಎಲ್ಲೀದ್ರೀ? ನಾನೂ ನಿಮ್ಮ ಸಪ್ಪನ ಸಾರನ್ನ ಉಂಡೇನಿ. ನಿಮ್ಮನ್ನ ಸಪ್ಪಗ ಉಣಿಸಿ, ನನಗಷ್ಟ ಉಪ್ಪು ಗಂಟಲಾಗ ಇಳೀತಿತ್ತೇನು?"

ಬಂಡೆಪ್ಪನಿಗೆ ಇಷ್ಟು ತಿಂಗಳು ಸುಮ್ಮಸುಮ್ಮನೆ ಉರಿದದ್ದಕ್ಕೆ ನಾಚಿಕೆಯಾಯಿತು, ತಡೆಯಲಾರದಷ್ಟು ನಗುವೂ ಬಂತು. ಇಡೀ ಜಾಂಬೋಟಿಯಲ್ಲಿ ಉಪ್ಪಿನ ಹದ ತಿಳಿಯದವರು ಇಬ್ಬರೇ, ಆ ಇಬ್ಬರೂ ಒಲೆಯ ಮುಂದೆ!

ಅವನು ಸಪ್ಪೆ ಸಾರನ್ನು ಒಂದಿಷ್ಟು ಬೇರೆ ತೆಗೆದಿಟ್ಟು, ಮದುಮಗಳ ಅಜ್ಜಿ ಫಕೀರವ್ವನನ್ನು ಒಲೆಯ ಬಳಿ ಕರೆತಂದ. "ಯವ್ವಾ, ಇವತ್ತ ಉಪ್ಪಿನ ಮಾತು ನಿಮ್ಮದ" ಎಂದ. ಅಜ್ಜಿ ಹಿಗ್ಗಿ ಹೀರೇಕಾಯಿಯಾಗಿ, ನೆಕ್ಕುತ್ತ, ಹಾಕಿಸುತ್ತ ಸಾರನ್ನು ಹದಕ್ಕೆ ತಂದಳು. ಮನೆಯ ಅಜ್ಜಿಯೇ ನೋಡಿದ ಉಪ್ಪಿನಲ್ಲಿ ತಪ್ಪು ಹುಡುಕುವ ಧೈರ್ಯ ಯಾರಿಗಿದೆ? ಅಂದಿನಿಂದ ಪ್ರತಿ ಮದುವೆಯಲ್ಲೂ ಮನೆಯ ಹಿರಿಯರಿಂದಲೇ ಉಪ್ಪು ನೋಡಿಸುವುದು ಬಂಡೆಪ್ಪನ ಪದ್ಧತಿಯಾಯಿತು. ಜನ ಅದನ್ನು ತಮಗೆ ಕೊಟ್ಟ ಮರ್ಯಾದೆಯೆಂದೇ ತಿಳಿದು ಅವನನ್ನು ಇನ್ನಷ್ಟು ಕರೆದರು.

ಅಂದು ಎಲ್ಲರ ಊಟ ಮುಗಿದ ಮೇಲೆ ಅವನು ತೆಗೆದಿಟ್ಟ ಸಾರನ್ನು ತಂದು ಎರಡು ಎಲೆ ಹಾಸಿದ.

"ನೀವು ಉಣ್ರಿ, ನಾ ಆಮ್ಯಾಲೆ" ಎಂದಳು ಸಿದ್ದಕ್ಕ.

"ಆಮ್ಯಾಲೆ ಗೀಮ್ಯಾಲೆ ಇನ್ನ ಸಾಕು. ಬಾಜೂಕ ಕುಂದರು" ಎಂದು ಬಂಡೆಪ್ಪ ಮೊದಲು ಅವಳ ಎಲೆಗೆ ಬಡಿಸಿದ.