ಕೂಗಬೇಡಿ ಎಂದ ಬಾಯಮ್ಮ

ಬೀಡಿ ಕಟ್ಟಿ ಕಟ್ಟಿ ಬಾಯಮ್ಮನ ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಎಷ್ಟು ಸೋಪು ಹಾಕಿ ತೊಳೆದರೂ ಹೊಗೆಸೊಪ್ಪಿನ ವಾಸನೆ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಅವರು ನಮ್ಮ ಬಾಲವಾಡಿಯ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ಶಿರ್ವದ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವುದೇ ಬಾಯಮ್ಮ ಎಂದು. ಅವರು ಅಲ್ಲಿ ಆಯಾ, ನಾನು ಟೀಚರ್. ಎಂಬತ್ತರ ದಶಕದ ಆರಂಭ, ನನಗಿನ್ನೂ ಇಪ್ಪತ್ತು ವರ್ಷ.

ಮೂರು ತಿಂಗಳ ತರಬೇತಿಯಲ್ಲಿ ಹಾಡು, ಕಥೆ, ಮಣ್ಣಿನ ಹಣ್ಣು ಮಾಡುವುದು ಎಲ್ಲ ಕಲಿಸಿದ್ದರು. ನಮ್ಮ ಬಾಲವಾಡಿಗೆ ಬರುತ್ತಿದ್ದ ಒಬ್ಬ ನಾಲ್ಕು ವರ್ಷದ ಹುಡುಗಿಯಂಥವರ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅವಳು ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಗಂಟೆ ಬಾರಿಸಿದರೆ ಕಿರುಚಿ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ದೆವ್ವದ ಸೋಂಕು ಎಂದು ಮನೆಯವರು ಸೊಂಟಕ್ಕೆ ಮಂತ್ರಿಸಿದ ನೂಲು ಕಟ್ಟಿಸಿದ್ದರು. ನಿಜ ಹೇಳುತ್ತೇನೆ, ನನಗೆ ಆ ಮಗುವೆಂದರೆ ಹೆದರಿಕೆ. ಬೆಳಿಗ್ಗೆ ಅವಳ ತಾಯಿ ಗೇಟಿನಲ್ಲಿ ಕಂಡರೆ ಸಾಕು, ಏನಾದರೂ ಕೆಲಸದ ನೆಪ ಮಾಡಿ ಒಳಗೆ ಹೋಗಿಬಿಡುತ್ತಿದ್ದೆ.

“ಹೆದರಿದವರ ಮೇಲೆ ಹಾವು ಎಸೆಯುವುದು ಎಂತಕ್ಕೆ ಟೀಚರೇ? ಆ ಗಂಟೆ ಒಳಗಿಡಿ,” ಎಂದರು ಬಾಯಮ್ಮ. ಗಂಟೆ ಪೆಟ್ಟಿಗೆ ಸೇರಿತು. ಅವರು ಗೆರಸೆಯಲ್ಲಿ ಗೋಧಿನುಚ್ಚು ಕೇರಲು ಕುಳಿತರೆ ಹುಡುಗಿ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಆ ಸದ್ದು ಅವಳಿಗೆ ಇಷ್ಟ. ಬಾಯಮ್ಮ ಅವಳ ಮುಖ ನೋಡುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ.

ಒಂದು ದಿನ ತಲೆ ಎಣಿಸಿದರೆ ಒಂದು ಕಡಿಮೆ. ಹೊರಗೆ ಬಂದು ನೋಡುತ್ತೇನೆ, ಪಕ್ಕದ ಹಿತ್ತಿಲಿನ ಬಾವಿಕಟ್ಟೆಯ ಮೇಲೆ ಅವಳು ಕುಳಿತಿದ್ದಾಳೆ, ಕಾಲು ಎರಡೂ ಒಳಗೆ. ಹೆಸರು ಹಿಡಿದು ಕೂಗಲು ಹೊರಟೆ. ಬಾಯಮ್ಮ ಉಗುರು ನಾಟುವಷ್ಟು ಬಿಗಿಯಾಗಿ ನನ್ನ ಮಣಿಕಟ್ಟು ಹಿಡಿದರು.

“ಕೂಗಬೇಡಿ. ಓಡಬೇಡಿ. ನಿಂತಲ್ಲೇ ನಿಲ್ಲಿ.”

ಗೆರಸೆ ತಂದು, ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತು ನುಚ್ಚು ಕೇರತೊಡಗಿದರು. ಅರ್ಧ ನುಚ್ಚು ಮಣ್ಣಿಗೆ ಬಿತ್ತು. ಹುಡುಗಿ ಬಾವಿಯೊಳಗೆ ಇನ್ನಷ್ಟು ಬಗ್ಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳು ಬಾಯಮ್ಮನ ಪಕ್ಕದಲ್ಲಿದ್ದಳು.

ಮಕ್ಕಳೆಲ್ಲ ಹೋದ ಮೇಲೆ ಕೇಳಿದೆ, “ಇದೆಲ್ಲ ನಿಮಗೆ ಹೇಗೆ ಗೊತ್ತು ಬಾಯಮ್ಮ?”

“ನನ್ನ ತಂಗಿಯೂ ಹೀಗೇ ಇದ್ದಳು. ಒಂದು ದಿನ ಕೆರೆಯ ಬದಿಯಲ್ಲಿ ನಿಂತಿದ್ದಳು. ನಾನು ಕೂಗಿಕೊಂಡು ಓಡಿದೆ ಟೀಚರೇ. ಹೆದರಿ ಹಾರಿಬಿಟ್ಟಳು. ನಾನೇ ಕೊಂದ ಹಾಗೆ, ಅಲ್ವಾ?”

ನನಗೆ ಹೆದರಿಕೆಯಾಯಿತು. ಕೊಡೆ ತೆಗೆದುಕೊಂಡು ಮನೆಗೆ ಹೊರಟುಬಿಟ್ಟೆ.

ಕೆಲವು ವರ್ಷಗಳ ನಂತರ ಮಣಿಪಾಲದಲ್ಲಿ ಟೀಚರುಗಳಿಗೆ ಎರಡು ದಿನದ ತರಬೇತಿ ನಡೆಯಿತು. ಡಾಕ್ಟರೊಬ್ಬರು ಬೋರ್ಡಿನ ಮೇಲೆ ಆಟಿಸಂ ಎಂದು ಬರೆದರು. ಇದು ಸೋಂಕಲ್ಲ, ಯಾರ ತಪ್ಪೂ ಅಲ್ಲ ಎಂದರು. ಇಂಥ ಮಕ್ಕಳ ಹಿಂದೆ ಕಿರುಚಿಕೊಂಡು ಓಡಬೇಡಿ ಎಂದರು. ಎಲ್ಲರೂ ಬರೆದುಕೊಂಡರು. ನಾನು ಅಳುತ್ತಾ ಕುಳಿತಿದ್ದೆ. ಬಾಯಮ್ಮ ತೀರಿಹೋಗಿ ಆಗ ಮೂರು ತಿಂಗಳಾಗಿತ್ತು. ನಿಮ್ಮ ತಪ್ಪಲ್ಲ ಬಾಯಮ್ಮ ಎಂಬ ಒಂದು ಮಾತನ್ನು ನಾನು ಅಂದೇ ಹೇಳಬಹುದಿತ್ತು. ಅದಕ್ಕೆ ಯಾವ ತರಬೇತಿಯೂ ಬೇಕಿರಲಿಲ್ಲ.